ಲಾರಿಯ ಮುಳ್ಳು ಮತ್ತು ನನ್ನ ವಹಿ

ಆ ವಹಿ ಇನ್ನೂ ನನ್ನ ಹತ್ತಿರ ಇದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ನಲವತ್ತೊಂದು ಸಾಲುಗಳು. ಪ್ರತಿ ಸಾಲಿನಲ್ಲಿ ವಾರ, ತಿಥಿ, ಹೊರಟ ಹೊತ್ತು, ಊರು, ಚೀಲಗಳ ಎಣಿಕೆ, ಕೊನೆಗೆ ಹೊರಡುವಾಗ ಮತ್ತು ದಾರಿಯಲ್ಲಿ ಮುಳ್ಳು ತೋರಿದ ಅಂಕಿಗಳು. ಎಂಜಿನ್ನಿನೊಳಗೆ ಎಣ್ಣೆ ಎಷ್ಟು ಒತ್ತಡದಿಂದ ಹರಿಯುತ್ತಿದೆ ಎಂದು ತೋರಿಸುವ ಪುಟ್ಟ ಗಡಿಯಾರವೊಂದು ಸ್ಟೀರಿಂಗಿನ ಎದುರಿಗಿತ್ತು. ಆ ಗಡಿಯಾರದ ಮುಳ್ಳು.

ಲಡಾಯಿಯ, ಅಂದರೆ ಮಹಾಯುದ್ಧದ ಕಾಲ. ನನಗೆ ಇಪ್ಪತ್ತೆರಡು ವರ್ಷ. ಅಪ್ಪನ ಎರಡು ಜೋಡಿ ಎತ್ತು ಕೊಟ್ಟು ಆ ಹಳೆಯ ಲಾರಿ ಪಡೆದಿದ್ದೆವು. ಕೊಟ್ಟವರು ಅಫಜಲಪುರದ ಉಸ್ತಾದರು, ನನಗೆ ಲಾರಿ ಓಡಿಸಲು ಕಲಿಸಿದವರು. ದಸರೆಯ ಬೆಳಿಗ್ಗೆ ಅವರೇ ಚಾಲೂ ಮಾಡಿ ತೋರಿಸಿದರು. ಮುಳ್ಳು ನಲವತ್ತೈದಕ್ಕೆ ಏರಿ ನಿಂತಿತು. ಅಪ್ಪ ಎತ್ತುಗಳ ಹಗ್ಗ ಬಿಚ್ಚಿ ಅವರ ಕೈಗಿಟ್ಟರು.

"ಇದರ ಎಣ್ಣಿ ಮಾತ್ರ ಬಿಚ್ಚಿ ಚೆಲ್ಲಬ್ಯಾಡ ತಮ್ಮಾ," ಎಂದರು ಉಸ್ತಾದರು. "ಗಾಡಿಗಿ ಅದೇ ರೂಢಿ ಆಗ್ಯದ. ಕಡಿಮಿ ಆದ್ರ ಸೋಮವಾರ ನನ್ನ ಕಡಿ ಬಾ, ನಾನೇ ಸುರೀತೇನಿ."

ಶೇಂಗಾ, ಆಮೇಲೆ ತೊಗರಿ ಹೇರಿಕೊಂಡು ಆಳಂದದಿಂದ ಅಫಜಲಪುರ, ಅಲ್ಲಿಂದ ಜೇವರ್ಗಿ. ಇದು ನನ್ನ ದಾರಿ. ಮೂರನೆಯ ಸಾಲಿನಲ್ಲೇ ಮುಳ್ಳು ಕೆಟ್ಟಿತು. ಮನೆಯ ಮುಂದೆ ನಲವತ್ತೈದು ಇದ್ದದ್ದು ನಿಂಬರ್ಗಾ ಮುಟ್ಟುವಷ್ಟರಲ್ಲಿ ಹನ್ನೆರಡು. ಒಂದು ದಿನ ಎಂಟಕ್ಕಿಳಿದು, ಇಪ್ಪತ್ತಕ್ಕೆ ಹಾರಿ, ಮತ್ತೆ ಎಂಟಕ್ಕೆ ಬಿತ್ತು. ಒತ್ತಡ ನಿಜಕ್ಕೂ ಬೀಳುತ್ತಿದ್ದರೆ ಎಂಜಿನ್ ಎಂದಾದರೊಂದು ದಿನ ಹಿಡಿದುಕೊಂಡು ನಿಲ್ಲುತ್ತದೆ. ಎತ್ತಿಲ್ಲದ ಮನೆಗೆ ಲಾರಿಯೂ ಇಲ್ಲದಂತಾಗುತ್ತದೆ. ಅಪ್ಪ ಸಂಜೆ ಎತ್ತು ಮೇಯುತ್ತಿದ್ದ ಖಾಲಿ ಗ್ವಾದಲಿಯ ಕಟ್ಟೆಗೆ ಕುಳಿತು, "ಇವತ್ತ ಎಷ್ಟಿತ್ತೋ?" ಎಂದು ಕೇಳುತ್ತಿದ್ದರು. ನಾನು ಬೆಳಗಿನ ಅಂಕಿ ಹೇಳುತ್ತಿದ್ದೆ.

ಸೋಮವಾರ ಉಸ್ತಾದರು ಮೊದಲು ವಹಿ ಕೇಳುತ್ತಿದ್ದರು. ಬೆರಳಿಟ್ಟು ಒಂದೊಂದೇ ಸಾಲು ಓದಿ, "ಗಡಿಯಾರ ಖರಾಬ್ ಇರಬೇಕು ನೋಡು," ಎಂದರು ಒಮ್ಮೆ. ಖಜೂರಿಯ ಡ್ರೈವರ್ ಒಬ್ಬನ ಲಾರಿಯ ಗಡಿಯಾರ ಒಂದು ದಿನದ ಮಟ್ಟಿಗೆ ತಂದು ಕೂರಿಸಿದೆ. ಅದೂ ಹನ್ನೆರಡನ್ನೇ ತೋರಿಸಿತು. ಮುಂದಿನ ವಾರ, "ಕೊಳವಿ ಕಟ್ಟಿರಬೇಕು," ಎಂದರು. ಗಡಿಯಾರಕ್ಕೆ ಹೋಗುವ ತಾಮ್ರದ ಕೊಳವೆ ಬಿಚ್ಚಿ ಊದಿದೆ. ಗಾಳಿ ಸರಾಗವಾಗಿ ಹೊರಬಂತು. ಎಣ್ಣೆಯ ಮಟ್ಟ ನೋಡಿದೆ. ಬೆರಳಷ್ಟೇ ಕಡಿಮೆ. ನಾನು ಲಾರಿಯ ಕೆಳಗೆ ಮಲಗಿದ್ದಾಗ ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಬೋಲ್ಟು ಬಿಚ್ಚಲು ಕೇಳಿದ ಪಾನಾ ಕೈಗೆ ಕೊಡುತ್ತಿದ್ದರು. ಎದ್ದಾಗ ಚಹಾ ತರಿಸುತ್ತಿದ್ದರು. ಹೊರಡುವ ಮೊದಲು ತಮ್ಮ ಡಬ್ಬಿಯಿಂದ ಎಣ್ಣೆ ಸುರಿಯುತ್ತಿದ್ದರು. ಹೊಸ ಎಣ್ಣೆ ಸುಲಭವಾಗಿ ಸಿಗದ ಆ ದಿನಗಳಲ್ಲಿ ಅದನ್ನು ದೊಡ್ಡ ಉಪಕಾರವೆಂದೇ ತಿಳಿದಿದ್ದೆ.

ಎಳ್ಳಮಾವಾಸ್ಯೆಯ ಮರುದಿನ ವಹಿ ಮುಂದಿಟ್ಟುಕೊಂಡು ಸಾಲುಗಳನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸಿ ನೋಡಿದೆ. ಚೀಲ ಹೆಚ್ಚಾದರೆ ಬೀಳುತ್ತದೆಯೇ? ಇಲ್ಲ. ಏರು ದಾರಿಯಲ್ಲಿ? ಇಲ್ಲ. ಹೊರಟ ಹೊತ್ತು ಹಿಡಿದು, ಅದಕ್ಕೂ ಮುಂಚೆ ಲಾರಿ ಎಷ್ಟು ಹೊತ್ತು ನಿಂತಿತ್ತು ಎಂದು ಲೆಕ್ಕ ಹಾಕಿದಾಗ ಮಾತ್ರ ಅಂಕಿಗಳು ಸಾಲಾಗಿ ನಿಂತವು. ರಾತ್ರಿಯೆಲ್ಲ ನಿಂತ ಲಾರಿಯಲ್ಲಿ ಮುಳ್ಳು ಮೇಲೆ. ಜೇವರ್ಗಿಯಲ್ಲಿ ಎರಡು ದಿನ ನಿಂತಾಗ ಇನ್ನೂ ಮೇಲೆ. ತಾಸು ಹೊತ್ತು ನಿಂತರೆ ಏರುವುದೇ ಇಲ್ಲ. ಬರೀ ತಣ್ಣಗಾದದ್ದೇ ಕಾರಣವಾಗಿದ್ದರೆ ಒಂದು ರಾತ್ರಿಗೂ ಎರಡು ದಿನಕ್ಕೂ ಭೇದ ಇರಬಾರದಿತ್ತು. ನಿಂತಾಗ ಒಳಗೆ ಏನೋ ಬದಲಾಗುತ್ತಿತ್ತು. ನಿಂತಲ್ಲೇ ಬದಲಾಗಬಲ್ಲದ್ದು ಎಣ್ಣೆಯೊಂದೇ.

ಅಂದು ಸಂಜೆ ಓಡಿ ಬಂದ ಬಿಸಿಯಲ್ಲೇ ಕೆಳಗಿನ ಬೋಲ್ಟು ಸಡಿಲಿಸಿ ಗಾಜಿನ ಬಾಟಲಿಯೊಂದರಲ್ಲಿ ಎಣ್ಣೆ ಹಿಡಿದು ಗೂಡಿನಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಬಾಟಲಿಯಲ್ಲಿ ಎರಡು ಪದರ. ಮೇಲೆ ತೆಳ್ಳಗೆ, ಕೆಳಗೆ ದಪ್ಪಗೆ. ಕೆಳಗಿನದನ್ನು ಕಡ್ಡಿಯಿಂದ ಎತ್ತಿ ಅವ್ವನ ಬೆರಳಿಗೆ ಹಚ್ಚಿದೆ. ಅವಳು ತಿಕ್ಕಿ, ಮೂಸಿ, ನಕ್ಕಳು.

"ಔಡಲೆಣ್ಣಿ ಅಲ್ಲೇನೋ ಇದು! ನಿನ್ನ ಗಾಡಿಗಿ ಮಲ ಕಟ್ಟಿತ್ತೇನು?"

ನನಗೆ ನಗು ಬರಲಿಲ್ಲ. ಔಡಲೆಣ್ಣೆ ದಪ್ಪ. ಸವೆದ ಬೇರಿಂಗಿನ ಸಂದಿನಲ್ಲೂ ನಿಂತು ಮುಳ್ಳನ್ನು ಮೇಲೆತ್ತುತ್ತದೆ. ಆದರೆ ಎಂಜಿನ್ ಎಣ್ಣೆಯೊಂದಿಗೆ ಬೆರೆಯುವುದಿಲ್ಲ, ನಿಂತರೆ ತಳಕ್ಕಿಳಿಯುತ್ತದೆ. ಬೆಳಿಗ್ಗೆ ಪಂಪು ಮೊದಲು ಎಳೆಯುತ್ತಿದ್ದದ್ದು ಆ ತಳದ ದಪ್ಪವನ್ನು. ಕುಲುಕಿ ಬಿಸಿಯಾದ ಮೇಲೆ ಎಲ್ಲ ತೆಳುವಾಗಿ, ಸವೆದ ಎಂಜಿನ್ನು ತನ್ನ ನಿಜವಾದ ಅಂಕಿ ತೋರಿಸುತ್ತಿತ್ತು. ದಸರೆಯ ದಿನ ನಾವು ನೋಡಿದ್ದೂ ಬೆಳಗಿನ ಮುಳ್ಳನ್ನೇ.

ಬಾಟಲಿ ಹಿಡಿದುಕೊಂಡು ಅಫಜಲಪುರಕ್ಕೆ ಹೋದೆ.

"ಇದೇನ್ರಿ ಉಸ್ತಾದ್ರ?"

ಅವರು ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದರು. "ಎಣ್ಣಿ."

"ಎರಡು ಎಣ್ಣಿ ಅದಾವ್ರಿ."

"ಗಾಡಿ ಓಡಲಿಲ್ಲೇನಲೇ? ಬೇರಿಂಗ್ ಸವದಾವ. ಬರೇ ಇಂಜಿನ್ ಎಣ್ಣಿ ಇದ್ದಿದ್ರ, ಮುಳ್ಳು ನೋಡಿ ನಿಮ್ಮಪ್ಪ ಎತ್ತು ಹೊಡಕೊಂಡು ವಾಪಸ್ ಹೋಗತಿದ್ದ."

"ಎತ್ತು ಎಲ್ಲ್ಯಾವರಿ?"

"ಮಾರಿದೆ. ಖಜೂರಿ ದಾಟಿ ಗಡಿ ಆಚಿ ಹೋಗ್ಯಾವ."

"ಎಲ್ಲಾ ಗೊತ್ತಿದ್ದೂ ಗಡಿಯಾರ ಬಿಚ್ಚು, ಕೊಳವಿ ಊದು ಅಂದ್ರಿ. ಮತ್ತ ವಾರಾ ವಾರಾ ನನ್ನ ವಹಿ ಯಾಕ ನೋಡತಿದ್ರಿ?"

ಅವರು ನಕ್ಕರು. ಅಣಕದ ನಗೆಯಲ್ಲ, ಪಾಠ ಒಪ್ಪಿಸಿದವನನ್ನು ನೋಡಿ ನಗುವಂಥದ್ದು. "ಎಲ್ಲಿ ಎಷ್ಟು ಬಿತ್ತು ಅಂತ ನೀನೇ ಬರದಿರತಿದ್ದಿ. ಅದನ್ನ ನೋಡಿ ಎಷ್ಟು ಸುರೀಬೇಕು ಅಂತ ತಿಳೀತಿತ್ತು ನನಗ. ಭಾಳ ಚಲೋ ಬರೀತಿ ನೀ."

ಎತ್ತು ಹೋದದ್ದಕ್ಕಿಂತ ಹೆಚ್ಚು ನೋಯಿಸಿದ್ದು ಆ ಮಾತು. ಪ್ರಾಮಾಣಿಕವಾಗಿ ಬರೆದ ಒಂದೊಂದು ಅಂಕಿಯೂ ಮುಂದಿನ ವಾರದ ಮೋಸದ ಅಳತೆಯಾಗಿತ್ತು.

ಎಣ್ಣೆಯೆಲ್ಲ ಬಿಚ್ಚಿ, ಖಜೂರಿಯ ಆ ಡ್ರೈವರನಿಂದಲೇ ಶುದ್ಧ ಎಂಜಿನ್ ಎಣ್ಣೆ ತಂದು ಹಾಕಿದೆ. ಬಿಸಿಯಾದ ಮೇಲೆ ಮುಳ್ಳು ಹದಿಮೂರಕ್ಕೆ ನಿಂತಿತು, ಅಲುಗಲಿಲ್ಲ. ಅಂದಿನಿಂದ ಅರ್ಧ ಹೇರು, ನಿಧಾನ ಓಟ. ಸಂಜೆ ಅಪ್ಪ ಕೇಳಿದಾಗ ಹದಿಮೂರು ಎಂದೇ ಹೇಳಿದೆ. ಅವರು ಮತ್ತೆ ಕೇಳಲಿಲ್ಲ.

ನಮ್ಮ ಕಡೆ ಸಂಕ್ರಾಂತಿಗೆ ಕಿರಿಯರು ಹಿರಿಯರ ಮನೆಗೆ ಹೋಗಿ ಕುಸುರೆಳ್ಳು ಕೊಟ್ಟು ಕಾಲಿಗೆ ಬೀಳಬೇಕು. ಎಷ್ಟು ಮನೆಗೆ ಹೋದೆನೆಂದು ಪ್ರತಿ ವರ್ಷ ಬರೆದಿಡುತ್ತಿದ್ದೆ. ಹಿಂದಿನ ವರ್ಷ ಮೂವತ್ತೊಂದು, ಮೊದಲನೆಯದು ಉಸ್ತಾದರದು. ಆ ಸಲ ಅವರ ಮನೆಗೆ ಮಾತ್ರ ನಾನು ಹೋಗಲಿಲ್ಲ. ಅವರೇ ಆಳಂದಕ್ಕೆ ಬಂದರು. ನಾನು ಲಾರಿಯ ಕೆಳಗಿದ್ದೆ.

"ಕೈ ಚಾಚಲೇ," ಎಂದು ಬಗ್ಗಿ ಕುಸುರೆಳ್ಳಿನ ಮುಷ್ಟಿ ಮುಂದೆ ಹಿಡಿದರು.

ಎರಡೂ ಅಂಗೈ ತೋರಿಸಿದೆ. "ಎಣ್ಣಿ ಆಗ್ಯಾವರಿ."

ಅವರು ಕುಸುರೆಳ್ಳನ್ನು ಮಡ್ಗಾರ್ಡಿನ ಮೇಲೆ ಸುರಿದು ಹೋದರು. ಮರುದಿನ ಜೇವರ್ಗಿ ದಾರಿಯಲ್ಲಿ ಅದು ಉದುರಿಹೋಯಿತು. ವಹಿಯಲ್ಲಿ ಬರೆದೆ: ಮನೆಗಳು ಮೂವತ್ತು. ಮುಳ್ಳು ಹದಿಮೂರು.