ಕೆಸುವಿನ ಮೂಲೆ

ಸೆವ್ರಿನ್ ಬಾಯಿ ತೀರಿಕೊಂಡದ್ದು ಗರಿಗಳ ಭಾನುವಾರದ ಹಿಂದಿನ ವಾರ. ಆಗ ನೈರೋಬಿಯಲ್ಲಿ ದೊಡ್ಡ ಮಳೆ ಶುರುವಾಗಿತ್ತು. ಹಾಗಾಗಿ ಅವರು ಹಿತ್ತಿಲ ಮೂಲೆಯಲ್ಲಿ ಬೆಳೆಸಿದ್ದ ಕೆಸುವಿಗೆ ದಿಕ್ಕಿಲ್ಲದಂತಾದದ್ದು ಕೂಡಲೇ ಯಾರಿಗೂ ಗೊತ್ತಾಗಲಿಲ್ಲ. ಮೇ ತಿಂಗಳು ಮುಗಿದು, ಮಳೆ ನಿಂತು, ಆಕಾಶ ಬೂದಿ ಬಣ್ಣಕ್ಕೆ ತಿರುಗಿ, ಜನ ಸ್ವೆಟರ್ ಹುಡುಕುವ ಕಾಲ ಬಂದ ಮೇಲೆ ಎಲೆಗಳು ಒಂದೊಂದಾಗಿ ಹಳದಿಯಾಗಿ ನೆಲಕ್ಕೆ ಬಾಗಿದವು. ಮಗಳು ಡುಲ್ಸಿನ್ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ನೋಡಿ, ಪರದೆ ಎಳೆದುಬಿಡುತ್ತಿದ್ದಳು.

ಅವಳಿಗೆ ಮಣ್ಣಿನ ಕೆಲಸ ಎಂದೂ ಹಿಡಿಸಿದ್ದಿಲ್ಲ. ಪಾರ್ಕ್‌ಲ್ಯಾಂಡ್ಸ್‌ನ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕೂತು, ಕೆನ್ನೆ ಹಿಡಿದುಕೊಂಡು ಬಂದವರಿಗೆ ಸಮಾಧಾನ ಹೇಳಿ ಕೂರಿಸುವುದು ಅವಳ ಕೆಲಸ. ಗಂಡ ಜೂಲಿಯನ್ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಕೆಟ್ ಮಾಡುವ ಕಾರ್ಖಾನೆಯ ಮ್ಯಾನೇಜರ್. ಮದುವೆಯಾಗಿ ಬಂದಂದಿನಿಂದ ಅವರು ಹೈರಿಡ್ಜ್‌ನ ಅದೇ ಬಾಡಿಗೆ ಮನೆಯಲ್ಲಿದ್ದಾರೆ. ಅಪ್ಪ ಹೋದ ಮೇಲೆ ತಾಯಿಯನ್ನು ಡುಲ್ಸಿನ್ ಮಂಗಳೂರಿನಿಂದ ಅಲ್ಲಿಗೇ ಕರೆಸಿಕೊಂಡಳು. ಬಂದ ವಾರದಲ್ಲೇ ಸೆವ್ರಿನ್ ಬಾಯಿ ಮಾರ್ಕೆಟಿನಲ್ಲಿ ಕೆಸುವಿನ ಗೆಡ್ಡೆ ರಾಶಿ ಬಿದ್ದಿರುವುದನ್ನು ಕಂಡರು. ಇಲ್ಲಿನವರು ಅದನ್ನು ನ್ಡುಮಾ ಎನ್ನುತ್ತಾರೆ, ಬೇಯಿಸಿ ಚಹಾದ ಜೊತೆ ತಿನ್ನುತ್ತಾರೆ.

"ಎಲೆ ಎಂತ ಮಾಡ್ತಾರೆ?" ಎಂದು ಸೆವ್ರಿನ್ ಬಾಯಿ ಕೇಳಿದ್ದರು.

"ಬಿಸಾಡ್ತಾರೆ, ಮಾಂಯ್."

"ದೇವರು ಮೆಚ್ಚುವ ಕೆಲಸವಾ ಅದು?"

ಎರಡು ಗೆಡ್ಡೆ ಕೊಂಡು ತಂದು, ಬಟ್ಟೆ ಒಗೆಯುವ ಕಲ್ಲಿನ ನೀರು ಹರಿದು ನಿಲ್ಲುವ ಮೂಲೆಯಲ್ಲಿ ಊರಿದರು. ಅಲ್ಲಿಂದ ಮುಂದೆ ಆ ಮನೆಯಲ್ಲಿ ಕೆಸುವಿನೆಲೆಯ ಪತ್ರೊಡೆಗೆ ಕೊರತೆಯಾಗಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ ಡುಲ್ಸಿನ್ ಪೂಜೆ ಮುಗಿಸಿ ಇಗರ್ಜಿಯಿಂದ ಬರುವಾಗ ಮನೆಯ ಒಡತಿ ಕೋಕಿಲಾಬೆನ್ ಹಿತ್ತಿಲಲ್ಲಿ ಕೋಲೂರಿ ನಿಂತಿದ್ದರು. ನೈರೋಬಿಯಲ್ಲೇ ಹುಟ್ಟಿ ಬೆಳೆದ ಗುಜರಾತಿ ಹೆಂಗಸು, ಕಟ್ಟುನಿಟ್ಟಿನ ಜೈನರು. ಅದೇ ಕಾಂಪೌಂಡಿನ ಎದುರು ಮನೆಯಲ್ಲಿ ಮಗನ ಜೊತೆ ಇದ್ದರು. ಡುಲ್ಸಿನ್ ಜೊತೆ ಅವರ ಮಾತು ಹಿಂದಿಯಲ್ಲಿ.

"ನಿನ್ನೆ ಇಲ್ಲಿ ನನ್ನ ಕಾಲು ಜಾರಿತು, ಬೇಟಾ. ಸೊಂಟ ಮುರೀಬೇಕಿತ್ತು. ಕೆಸರು ನೋಡು, ಸೊಳ್ಳೆ ನೋಡು. ಗೋಡೆಯವರೆಗೂ ಕ್ಯಾಬ್ರೋ ಹಾಕಿಸಿಬಿಡ್ತೀನಿ. ಮಗನ ಎರಡನೇ ಕಾರಿಗೂ ಜಾಗ ಆಗುತ್ತೆ."

ಕ್ಯಾಬ್ರೋ ಎಂದರೆ ಅಂಗಳಕ್ಕೆ ಹಾಸುವ ಸಿಮೆಂಟಿನ ಬಿಲ್ಲೆ. ಹಾಸಿದರೆ ಹುಲ್ಲಿನ ಎಸಳೂ ಏಳುವುದಿಲ್ಲ.

ಡುಲ್ಸಿನ್ ಯಾರಿಗೂ ಎದುರಾಡುವವಳಲ್ಲ. ಆದರೂ "ಬೇಡ" ಎಂಬ ಮಾತು ಬಾಯಿಂದ ಹಾರಿಹೋಗಿತ್ತು.

"ಯಾಕೆ ಬೇಡ?"

ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. "ಸೆಪ್ಟೆಂಬರ್ ಎಂಟಕ್ಕೆ ನಮ್ಮ ಮೊಂತಿ ಹಬ್ಬ," ಎಂದಳು. "ಮೇರಿ ಮಾತೆ ಹುಟ್ಟಿದ ದಿನ. ಹೊಸ ತೆನೆಯ ಊಟ, ಮೀನು ಮಾಂಸ ಏನೂ ಇಲ್ಲ, ಈ ಎಲೆಯ ಅಡುಗೆ ಬೇಕೇ ಬೇಕು. ಅಲ್ಲಿಯವರೆಗೆ ಬಿಡಿ. ಅಷ್ಟರಲ್ಲಿ ಇಲ್ಲಿ ಕೆಸರು ಇರದ ಹಾಗೆ ಮಾಡ್ತೇನೆ."

"ನೀನು?" ಕೋಕಿಲಾಬೆನ್ ಅವಳ ಇಗರ್ಜಿಯ ಸೀರೆ, ಚಪ್ಪಲಿ ಎರಡನ್ನೂ ನೋಡಿದರು. "ಸವಾ," ಎಂದು ಸ್ವಾಹಿಲಿಯಲ್ಲಿ ಒಪ್ಪಿಕೊಂಡರು. "ಹಬ್ಬದ ಹಿಂದಿನ ದಿನ ಬರ್ತೀನಿ. ಕೆಸರಿದ್ದರೆ ಕ್ಯಾಬ್ರೋ."

ರಾತ್ರಿ ಊಟಕ್ಕೆ ಕೂತಾಗ ಜೂಲಿಯನ್ ನಕ್ಕ. "ಬಾಡಿಗೆ ಮನೆಯ ಕೆಸರಿಗೆ ಇಷ್ಟು ಹಟವಾ? ಮಾರ್ಕೆಟಿನಲ್ಲಿ ಪಾಲಕ್ ಸಿಗುದಿಲ್ವಾ?"

"ನಿಮ್ಮ ಊರು ಶಿರ್ವದಲ್ಲಿ ಪಾಲಕಿನ ಪತ್ರೊಡೆ ಮಾಡ್ತಾರಾ?"

"ಅಲ್ಲ ಮಾರಾಯ್ತಿ, ನಿನಗೆ ಎರೆಹುಳ ಕಂಡ್ರೆ ಕಿರುಚುದು ಅಭ್ಯಾಸ. ಅದಕ್ಕೆ ಹೇಳಿದ್ದು."

"ಕಿರುಚ್ತಾ ಮಾಡ್ತೇನೆ," ಎಂದಳು ಡುಲ್ಸಿನ್.

ಹಾಗೆಯೇ ಮಾಡಿದಳು. ತಾಯಿ ಸದಾ ಹೇಳುತ್ತಿದ್ದ ಒಂದು ಮಾತು ಅವಳಿಗೆ ನೆನಪಿತ್ತು: ಸಾಂ ಜುವಾಂವ್ ಹಬ್ಬಕ್ಕೆ ಗೆಡ್ಡೆ ಊರಿದರೆ ಮೊಂತಿ ಹಬ್ಬಕ್ಕೆ ಎಲೆ. ಸಂತ ಜುವಾಂವ್ ಹಬ್ಬ ಬರುವುದು ಜೂನ್ ಕೊನೆಗೆ. ಅಂದೇ ಹೊಸ ಗೆಡ್ಡೆ ತಂದು, ಶಿಲುಬೆಯ ಗುರುತು ಮಾಡಿಕೊಂಡು ಊರಿದಳು. ಮೂರು ವಾರ ಕಾದಳು. ಮೊಳಕೆ ಕಾಣಲಿಲ್ಲ. ಒಂದನ್ನು ಅಗೆದು ನೋಡಿದರೆ ಅರ್ಧ ಕೊಳೆತಿತ್ತು.

ಅವಳು ಒಗೆಯುವ ಕಲ್ಲಿನ ಮೇಲೆ ಕೂತು ಯೋಚಿಸಿದಳು. ಜುವಾಂವ್ ಹಬ್ಬ ಎಂದರೆ ಮಂಗಳೂರಿನಲ್ಲಿ ಬಾವಿ ತುಂಬುವ ಮಳೆ, ಕಂಬಳಿ ಹೊದ್ದಂಥ ಸೆಕೆ. ಇಲ್ಲಿ ಜುಲೈ ಎಂದರೆ ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಬರೀ ಚಳಿ. ಇದು ಮಾಂಯ್‌ಗೆ ಗೊತ್ತಿರಲಿಲ್ಲವೇ? ಮಾಂಯ್ ಹೇಳುತ್ತಿದ್ದದ್ದನ್ನು ಬಿಟ್ಟು, ಮಾಡುತ್ತಿದ್ದದ್ದನ್ನು ನೆನಪಿಸಿಕೊಳ್ಳಲು ತೊಡಗಿದಳು. ಜುವಾಂವ್ ಹಬ್ಬದ ಮಾತನ್ನು ಪ್ರತಿ ವರ್ಷ ಹೇಳಿದರೂ, ಆ ಹೊತ್ತಿಗೆ ಮಾಂಯ್ ಗೆಡ್ಡೆ ಊರಿದ್ದನ್ನು ಅವಳು ಕಂಡಿರಲಿಲ್ಲ. ಚಳಿಯಲ್ಲಿ ಮಾಂಯ್ ಹಳೇ ಬುಡದಿಂದ ಮರಿ ಬಿಡಿಸಿ, ಅಡುಗೆಮನೆಯ ಗೋಡೆಗೆ ತಾಗಿಸಿ ನೆಡುತ್ತಿದ್ದರು, ಒಲೆಯ ಬಿಸಿ ಒಳಗಿಂದ ಗೋಡೆಗೆ ಬರುವ ಕಡೆ. ಅಕ್ಕಿ ತೊಳೆದ ನೀರನ್ನು ಉಗುರುಬೆಚ್ಚಗೆ ಮಾಡಿ ಹೊಯ್ಯುತ್ತಿದ್ದರು. ಬಾಯಲ್ಲಿ ಮಾತ್ರ ಊರಿನ ಪಂಚಾಂಗ.

ಬಾಗಿ ಬಿದ್ದಿದ್ದ ಹಳೇ ಬುಡಗಳನ್ನು ಡುಲ್ಸಿನ್ ಕೆದಕಿದಳು. ಮೇಲೆ ಹಳದಿಯಾಗಿದ್ದರೂ ಕೆಳಗೆ ಬೆರಳುದ್ದದ ಮರಿಗಳು ಇದ್ದವು. ಬಿಡಿಸಿ ಅದೇ ಮೂಲೆಯಲ್ಲಿ ಅಡುಗೆಮನೆಯ ಗೋಡೆಯ ಬದಿಗೆ ನೆಟ್ಟಳು. ಆಮೇಲೆ ಕೆಸರಿನ ಸರದಿ. ಪಕ್ಕದಲ್ಲಿ ಕಟ್ಟುತ್ತಿದ್ದ ಫ್ಲ್ಯಾಟಿನವರಿಂದ ಒಡೆದ ಇಟ್ಟಿಗೆ, ಜಲ್ಲಿ ಕೇಳಿ ತಂದಳು. ಒಗೆಯುವ ಕಲ್ಲಿನಿಂದ ಮೂಲೆಯವರೆಗೆ ಸಣ್ಣ ಕಾಲುವೆ ತೋಡಿ, ತಳಕ್ಕೆ ಇಟ್ಟಿಗೆ, ಮೇಲೆ ಜಲ್ಲಿ ಹಾಕಿದಳು. ನೀರು ಮೇಲೆ ನಿಲ್ಲದೆ ಜಲ್ಲಿಯ ಕೆಳಗೆ ಹರಿದು ಸೀದಾ ಕೆಸುವಿನ ಬುಡಕ್ಕೆ ಹೋಗಬೇಕು, ಅದು ಅವಳ ಲೆಕ್ಕಾಚಾರ. ಮೊದಲ ಸಲ ನೀರು ಹಿಂದಕ್ಕೆ ಬಂತು. ಎರಡನೇ ಸಲ ಅರ್ಧ ದಾರಿಯಲ್ಲಿ ನಿಂತಿತು. ಕಿತ್ತು ಮತ್ತೆ ತೋಡಿದಳು.

ಹೈಸ್ಕೂಲಿನ ಮಗಳು ಸ್ವೀಡಲ್ ಕಿಟಕಿಯಿಂದ ಕೂಗಿದಳು, "ಮಮ್ಮಾ, ಯು ಆರ್ ಸಿಂಗಿಂಗ್!"

"ನಾನಾ? ಇಲ್ಲ."

"ಯೆಸ್, ಯು ಆರ್. ಆ್ಯಂಡ್ ಇಟ್ಸ್ ಟೆರಿಬಲ್."

ಡುಲ್ಸಿನ್ ಸೊಂಟ ನೆಟ್ಟಗೆ ಮಾಡಿ ನಿಂತಳು. ಗೋಡೆಯ ಬದಿಯಲ್ಲಿ ಒಂದು ಹೊಸ ಎಲೆ ಸುರುಳಿ ಬಿಚ್ಚಿತ್ತು. ಅದರ ನಡುವೆ ಒಂದು ಹನಿ ನೀರು, ಕೂರಲೂ ಆಗದೆ ಬೀಳಲೂ ಆಗದೆ ಓಡಾಡುತ್ತಿತ್ತು. ಅವಳು ಎಲೆಯನ್ನು ಬೆರಳಿನಿಂದ ತಟ್ಟಿದಳು. ಹನಿ ಓಡಿತು. ಮತ್ತೆ ತಟ್ಟಿದಳು. ನಗು ಬಂತು.

ಆಗ ಅವಳಿಗೆ ಹೊಳೆಯಿತು: ಬೆಳಗಿನಿಂದ ಮಾಂಯ್ ನೆನಪೇ ಆಗಿರಲಿಲ್ಲ. ತಾಯಿಯ ಹೆಸರಿನಲ್ಲಿ ಹಿಡಿದ ಕೆಲಸ, ತಾಯಿಯನ್ನೇ ಮರೆತು ಹಾಡುವುದೆಂದರೆ? ಸಂಜೆ ತೇರ್ಸ್ ಪ್ರಾರ್ಥನೆಗೆ ಜಪಮಣಿ ಹಿಡಿದು ಕೂತಾಗಲೂ ಅದು ಚುಚ್ಚುತ್ತಲೇ ಇತ್ತು. ಅಂದು ಶನಿವಾರ, ಯೇಸುವಿನ ಬಾಲ್ಯವನ್ನು ಧ್ಯಾನಿಸುವ ಸಂತೋಷದ ರಹಸ್ಯಗಳ ದಿನ. ಮೂರನೇ ರಹಸ್ಯಕ್ಕೆ ಬರುವಾಗ, ಕೆಸುವಿನ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ ಮಾಂಯ್‌ರ ಬೆನ್ನು ಕಣ್ಣಿಗೆ ಕಟ್ಟಿತು. ಆ ಹೊತ್ತಿನಲ್ಲಿ ಕರೆದರೆ ಮಾಂಯ್ ಓಗೊಡುತ್ತಿರಲಿಲ್ಲ. ಗಂಡ ಹೋದದ್ದು, ಊರು ಬಿಟ್ಟದ್ದು, ಒಂದೂ ಆಗ ಅವರ ತಲೆಯಲ್ಲಿ ಇರುತ್ತಿರಲಿಲ್ಲವೇನೋ. ಡುಲ್ಸಿನ್ ಮಣಿಯನ್ನು ಮುಂದಕ್ಕೆ ಜಾರಿಸಿದಳು. ಮರುದಿನ ಇಗರ್ಜಿಗೆ ಹೊರಡುವ ಮೊದಲು ಹಿತ್ತಿಲಿಗೆ ಹೋಗುವಾಗ ಅವಳ ಹೆಜ್ಜೆ ಹಗುರವಾಗಿತ್ತು.

ಆಗಸ್ಟಿನ ಕೊನೆಗೆ ಎಲೆಗಳು ಅಂಗೈಗಿಂತ ದೊಡ್ಡವಾದವು. ಹಬ್ಬದ ಹಿಂದಿನ ದಿನ ಕೋಕಿಲಾಬೆನ್ ಬಂದಾಗ ಒಂದು ತಟ್ಟೆ ಪತ್ರೊಡೆ ಕೊಡಬೇಕೆಂದು ಅವಳು ನಿಶ್ಚಯಿಸಿದ್ದಳು. ಗುಜರಾತಿಗಳೂ ಇದೇ ಎಲೆಯಲ್ಲಿ ಪಾತ್ರಾ ಮಾಡುತ್ತಾರೆ. ಬಾಯಿಗೆ ರುಚಿ ಹತ್ತಿದ ಮೇಲೆ ಬೇಡ ಎನ್ನುವುದು ಕಷ್ಟ.

ಮೊದಲು ಒಂದು ಪರೀಕ್ಷೆ ಮಾಡಿದಳು. ಮೇಲಿನ ಮನೆಯ ಮೈಥಿಲಿಯನ್ನೂ ಕರೆದಳು. ಆಕೆ ಮೈಸೂರಿನವಳು, ಗಂಡನಿಗೆ ಟೆಲಿಕಾಂ ಕಂಪನಿಯಲ್ಲಿ ಪೋಸ್ಟಿಂಗ್. ಅಕ್ಕಿ, ಕೊತ್ತಂಬರಿ, ಮೆಣಸು, ತೆಂಗಿನಕಾಯಿ, ಹುಳಿ, ಬೆಲ್ಲ ಎಲ್ಲ ರುಬ್ಬಿ ಎಲೆಗೆ ಹಚ್ಚುವಾಗ ಡುಲ್ಸಿನ್ ಎಚ್ಚರಿಸಿದಳು, "ಒಂದು ಶಬ್ದ ಉಂಟು. ಕೆಸು ಕೊಯ್ಯುವಾಗ, ಬೇಯಿಸುವಾಗ, ತಿನ್ನುವಾಗ ಅದನ್ನು ಹೇಳ್ಬಾರ್ದು. ಹೇಳಿದ್ರೆ ಎಲೆ ಕೇಳಿಸಿಕೊಳ್ತದೆ."

"ಯಾವ್ದ್ರೀ ಅದು?"

"ಹೇಳ್ಬಾರ್ದು ಅಂದೆನಲ್ಲ!"

"ಹೇಳ್ದೆ ನಂಗೆ ಹೇಗ್ರೀ ಗೊತ್ತಾಗೋದು?"

ಜೂಲಿಯನ್ ತನ್ನ ಕತ್ತನ್ನು ಉಗುರಿನಿಂದ ಪರಪರ ಕೆರೆದು ತೋರಿಸಿದ. ಮೈಥಿಲಿಗೆ ಅರ್ಥವಾಯಿತು. ಎಲ್ಲರೂ ತಿಂದರು. ಸ್ವೀಡಲ್ ನೀರು ಕುಡಿದಳು. ಜೂಲಿಯನ್ ಕೆಮ್ಮಿದ. ಮೈಥಿಲಿಯ ಕಣ್ಣಲ್ಲಿ ನೀರು ಬಂತು.

"ಡುಲ್ಸಿನ್, ಕ್ಷಮಿಸ್ಬೇಕು ಕಣ್ರೀ. ಗಂಟ್ಲು ತುರಿಸ್ತಿದೆ!"

"ಹೇಳಿಬಿಟ್ರಾ!" ಎಂದು ಜೂಲಿಯನ್ ಎದ್ದು ನಿಂತ. "ಅದಕ್ಕೇ ಆದದ್ದು!"

"ಅಯ್ಯೋ, ಆದ್ಮೇಲ್ ತಾನೇ ನಾನ್ ಹೇಳಿದ್ದು!"

ಎಲ್ಲರೂ ಬೆಲ್ಲ ಬಾಯಿಗೆ ಹಾಕಿಕೊಂಡು ನಕ್ಕರು. ಡುಲ್ಸಿನ್ ನಗುವುದನ್ನು ಮೊದಲು ನಿಲ್ಲಿಸಿದಳು. ತುರಿಕೆ ಮುರಿಯಲು ಎಷ್ಟು ಹುಳಿ ಬೇಕು ಎಂದು ಕೇಳಿದರೆ "ಕೈಗೆ ಗೊತ್ತಾಗ್ತದೆ" ಎನ್ನುತ್ತಿದ್ದರು ಮಾಂಯ್. ಅವಳ ಕೈಗೆ ಇನ್ನೂ ಗೊತ್ತಾಗಿರಲಿಲ್ಲ, ಅಷ್ಟೆ. ಮರುವಾರ ಹುಳಿ ಹೆಚ್ಚಿಸಿ, ಎಲೆಯ ದಪ್ಪ ನಾರು ಹೆರೆದು, ಇನ್ನಷ್ಟು ಹೊತ್ತು ಬೇಯಿಸಿದಳು. ಸ್ವೀಡಲ್ ಎರಡನೇ ಸಲ ಬಡಿಸಿಕೊಂಡಳು.

ಹಬ್ಬದ ಹಿಂದಿನ ದಿನ ಶನಿವಾರ. ಕೋಕಿಲಾಬೆನ್ ಹೇಳಿದಂತೆ ಬಂದರು. ಕೋಲಿನಿಂದ ನೆಲ ಕುಟ್ಟಿದರು, ಜಲ್ಲಿಯ ಮೇಲೆ ಕಾಲಿಟ್ಟು ನೋಡಿದರು. ಎಲ್ಲೂ ಜಾರಲಿಲ್ಲ. ಡುಲ್ಸಿನ್ ತಟ್ಟೆ ಮುಂದೆ ಹಿಡಿದಳು. "ಈರುಳ್ಳಿ ಬೆಳ್ಳುಳ್ಳಿ ಹಾಕಿಲ್ಲ, ನೆಲದೊಳಗಿನ ಯಾವುದೂ ಇಲ್ಲ."

ಕೋಕಿಲಾಬೆನ್ ತಟ್ಟೆಯ ಮೇಲೆ ಬಗ್ಗಿ, ಪರಿಮಳ ಎಳೆದುಕೊಂಡು, ಕೈ ಹಿಂದಕ್ಕೆ ತೆಗೆದರು. "ಚೌಮಾಸಾ, ಬೇಟಾ. ಈ ನಾಲ್ಕು ತಿಂಗಳು ನಾವು ಎಲೆ ಮುಟ್ಟೋದಿಲ್ಲ."

ಡುಲ್ಸಿನ್ ತಟ್ಟೆ ಹಿಡಿದುಕೊಂಡೇ ನಿಂತಳು. ಅವಳ ಹಬ್ಬದ ಕಾಲವೇ ಅವರ ವ್ರತದ ಕಾಲ. ಇಷ್ಟು ವರ್ಷ ಒಂದೇ ಕಾಂಪೌಂಡಿನಲ್ಲಿದ್ದೂ ಅದು ತಲೆಗೆ ಹೋಗಿರಲಿಲ್ಲ.

"ಕೆಸರಿಲ್ಲ, ಒಪ್ಪಿದೆ," ಎಂದರು ಕೋಕಿಲಾಬೆನ್. "ಆದರೆ ಕಾರಿಗೆ ಜಾಗ ಬೇಕಲ್ಲ? ಕ್ಯಾಬ್ರೋದವರು ಸೋಮವಾರ ಬರ್ತಾರೆ."

ಇನ್ನು ಉಳಿದದ್ದು ಬಾಯಿಮಾತು ಮಾತ್ರ. ಡುಲ್ಸಿನ್ ತಟ್ಟೆಯನ್ನು ಒಗೆಯುವ ಕಲ್ಲಿನ ಮೇಲಿಟ್ಟು, ಗೋಡೆಗೆ ಒರಗಿಸಿದ್ದ ಗುದ್ದಲಿ ತೆಗೆದುಕೊಂಡಳು. ಕಾಲುವೆಯ ಆಚೆಗೆ ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು.

"ಕಾರು ಇಲ್ಲಿಯವರೆಗೆ."

"ಅಷ್ಟರಲ್ಲಿ ಬಾಗಿಲು ತೆಗೆಯೋಕೆ ಆಗಲ್ಲ." ಕೋಕಿಲಾಬೆನ್ ಕೋಲಿನಿಂದ ಒಂದು ಮೊಳ ಒಳಗೆ ಇನ್ನೊಂದು ಗೆರೆ ಎಳೆದರು. "ಇಲ್ಲಿಯವರೆಗೆ."

"ಅಲ್ಲಿಗೆ ಬಂದರೆ ಕಾಲುವೆ ಮುಚ್ಚಿಹೋಗ್ತದೆ. ನೀರು ನಿಲ್ತದೆ. ಮತ್ತೆ ನೀವೇ ಜಾರ್ತೀರಿ."

"ನನಗೇ ಹೆದರಿಸ್ತೀಯಾ?"

"ಇಲ್ಲ, ಬೆನ್. ನೀರು ಹೇಗೆ ಹೋಗ್ತದೆ ಅಂತ ನನಗೆ ಗೊತ್ತು. ಮೂರು ಸಲ ತೋಡಿದ್ದೇನೆ."

ಅವಳು ಗುದ್ದಲಿಯಿಂದ ಕೋಲಿನ ಗೆರೆಯನ್ನು ಅಳಿಸಿ, ತನ್ನದನ್ನೇ ಒಂದು ಗೇಣು ಒಳಕ್ಕೆ ತಂದಳು. ಕೋಕಿಲಾಬೆನ್ ಅದರ ಮೇಲೆ ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ಅಳೆಯುತ್ತ ಕೊನೆಯವರೆಗೆ ಹೋದರು, ಮತ್ತೆ ವಾಪಸ್ಸು ಬಂದರು.

"ಇಷ್ಟು ಹಟ ಯಾರಿಗೋಸ್ಕರ? ನಿನ್ನ ಅಮ್ಮನಿಗೋಸ್ಕರವಾ?"

ಹೌದೆಂದರೆ ಮುದುಕಿ ಕರಗಿಬಿಡುತ್ತಾರೆಂದು ಡುಲ್ಸಿನ್‌ಗೆ ಗೊತ್ತಿತ್ತು. ಆ ಮಾತನ್ನು ಹಿಂದಿಯಲ್ಲಿ ಮನಸ್ಸಿನಲ್ಲೇ ಜೋಡಿಸಿ ಇಟ್ಟುಕೊಂಡೂ ಇದ್ದಳು. ಆದರೆ ಬಾಯಿಗೆ ಬಂದದ್ದು ಬೇರೆ.

"ಶುರು ಮಾಡಿದ್ದು ಅಮ್ಮ. ಈಗ ಇದು ನನ್ನ ತೋಟ."

ಕೋಕಿಲಾಬೆನ್ ಅವಳ ಉಗುರುಗಳ ಸಂದಿನ ಮಣ್ಣನ್ನು ನೋಡಿದರು. "ಸವಾ," ಎಂದರು. "ಮಗನಿಗೆ ಚಿಕ್ಕ ಕಾರು ತಗೋ ಅಂತೀನಿ."

ಸೋಮವಾರ ಡುಲ್ಸಿನ್ ಕ್ಲಿನಿಕ್ಕಿಗೆ ರಜೆ ಹಾಕಿದಳು. ಕೆಲಸದವರು ದಾರ ಕಟ್ಟುವಾಗ ಒಂದು ತುದಿಯನ್ನು ತಾನೇ ಹಿಡಿದಳು. ಬಿಲ್ಲೆಗಳ ಸಾಲು ಗೆರೆಯವರೆಗೆ ಬಂದು ನಿಂತಾಗ ಅಂಚನ್ನು ಕಾಲಿನಿಂದ ಒತ್ತಿ ನೋಡಿ, "ಅಸಾಂಟೆ," ಎಂದು ಸ್ವಾಹಿಲಿಯಲ್ಲಿ ಧನ್ಯವಾದ ಹೇಳಿದಳು. ಆಮೇಲೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರ ಓಡಾಟದಲ್ಲಿ ತುಳಿದು ಗಟ್ಟಿಯಾದ ಈಚೆ ಬದಿಯ ಮಣ್ಣನ್ನು ಸಡಿಲ ಮಾಡತೊಡಗಿದಳು. ಒಂದು ಎರೆಹುಳ ಮೇಲೆ ಬಂತು. ಅವಳು ಸಣ್ಣಗೆ ಕಿರುಚಿ, ಅದರ ಮೇಲೆ ಮಣ್ಣು ಎಳೆದು, ಮುಂದಕ್ಕೆ ಅಗೆದಳು.