ಶುಕ್ರವಾರ ಸಂಜೆ ಮರಳುತ್ತಿದ್ದ ಫೈಲು

ದೆವ್ವ, ಭೂತ ಎಂದು ಯಾರಾದರೂ ಬಾಯಿ ತೆರೆದರೆ ಮೂಗು ಮುರಿಯುತ್ತಿದ್ದವನು ನಾನು. ಕಂಪ್ಯೂಟರ್ ಕಸುಬಿನವನಿಗೆ ಅದು ಸಹಜವೇ. ಯಂತ್ರ ಕೆಟ್ಟಿತೆಂದರೆ ಕಾರಣ ಇದ್ದೇ ಇರುತ್ತದೆ; ಸಿಕ್ಕಲಿಲ್ಲವೆಂದರೆ ನಾವು ಸರಿಯಾಗಿ ಹುಡುಕಿಲ್ಲ, ಅಷ್ಟೇ. ಹೀಗೆಂದು ಎಷ್ಟು ಜನರಿಗೆ ಉಪದೇಶ ಮಾಡಿದ್ದೆನೋ! ಈಗ ನಾನು ಹೇಳುವುದನ್ನು ಓದಿ ನೀವು ನಕ್ಕರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ರಿಸೆಶನ್ನಿನ ದಿನಗಳು. ಕೆಲಸ ಕಳೆದುಕೊಂಡು ಶಿಕಾಗೋ ಹತ್ತಿರದ ಲೊಂಬಾರ್ಡಿನ ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದೆ. ಹೊತ್ತು ಹೋಗಬೇಕಲ್ಲ, ಪರಿಚಯದ ಕನ್ನಡಿಗರ ಕಂಪ್ಯೂಟರುಗಳನ್ನು ಪುಕ್ಕಟೆ ಸರಿಮಾಡಿಕೊಡುತ್ತಿದ್ದೆ. ಒಂದು ಮಂಗಳವಾರ ಪಕ್ಕದ ಊರು ಡೌನರ್ಸ್ ಗ್ರೋವ್‌ನಿಂದ ವಿಜಯಾ ಆಂಟಿ ಫೋನ್ ಮಾಡಿದರು. ಅವರ ಯಜಮಾನರು ಮೂರ್ತಿ ಅಂಕಲ್ ತೀರಿಕೊಂಡು ಮೂರು ತಿಂಗಳಾಗಿತ್ತು. ಶಿಕಾಗೋದ ಕೆಲಸ ಹೋದಮೇಲೆ ಅಂಕಲ್ ಬೇರೆ ರಾಜ್ಯದ ಡಿಯರ್‌ಬಾರ್ನ್‌ನಲ್ಲಿ ಇಂಜಿನಿಯರ್ ಕೆಲಸ ಹಿಡಿದಿದ್ದರು. ಸೋಮವಾರ ನಸುಕಿನಲ್ಲಿ ಕಾರು ಹತ್ತಿದರೆ ಮನೆಗೆ ಬರುತ್ತಿದ್ದುದು ಶುಕ್ರವಾರ ಸಂಜೆ ಏಳಕ್ಕೆ. ಸುಮಾರು ಮುನ್ನೂರು ಮೈಲಿ ದಾರಿ. ಒಂದು ಬುಧವಾರ, ಅಲ್ಲಿಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದಾಗ, ಹೃದಯಾಘಾತವಾಗಿ ಹೋಗಿಬಿಟ್ಟರು.

"ಕೆಲಸಕ್ಕೆ ಅಪ್ಲೈ ಮಾಡ್ಬೇಕಪ್ಪ, ರೆಸ್ಯುಮೆ ಇದರಲ್ಲೇ ಇದೆ," ಎಂದರು ಆಂಟಿ, ನಾನು ಹೋದಾಗ. "ಒಂದಿನ ಸ್ಟಾರ್ಟ್ ಆಗುತ್ತೆ, ಒಂದಿನ ಆಗಲ್ಲ. ಏನು ಬೇಕಾದ್ರೂ ಮಾಡು, ಡಿಸ್ಕ್ ಮಾತ್ರ ತೆಗೀಬೇಡ. ಇವರು ಕೈಯಾರೆ ಹಾಕಿದ್ದು."

ಗುಂಡಿ ಒತ್ತಿದೆ. ಕಪ್ಪು ತೆರೆಯ ಮೇಲೆ ಒಂದೇ ಸಾಲು: ಫೈಲು ಕಾಣೆಯಾಗಿದೆ. ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಫೈಲು ಅದು. ಇಲ್ಲದಿದ್ದರೆ ಯಂತ್ರ ಏಳುವುದೇ ಇಲ್ಲ. ಇದೇನು ಮಹಾ ಎಂದುಕೊಂಡು ಸಿಡಿಯಿಂದ ನಕಲು ಮಾಡಿ ಹಾಕಿದೆ. ಎದ್ದಿತು. ಕಾಫಿ ಕುಡಿದು ಬಂದೆ. ಮರುದಿನ ಬೆಳಗ್ಗೆ ಮತ್ತೆ ಫೋನು. ಫೈಲು ಮತ್ತೆ ಮಾಯ.

ವೈರಸ್ ಹುಡುಕಿದೆ, ಕೇಬಲ್ ಬದಲಾಯಿಸಿದೆ, ಡಿಸ್ಕನ್ನು ಗಂಟೆಗಟ್ಟಲೆ ಪರೀಕ್ಷಿಸಿದೆ. ಎಲ್ಲ ಸರಿಯಾಗಿತ್ತು. ಯಾವ ದಿನ ಎದ್ದಿತು, ಯಾವ ದಿನ ಏಳಲಿಲ್ಲ ಎಂದು ಬರೆದಿಡಲು ಆಂಟಿಗೆ ಹೇಳಿದೆ. ನಾಲ್ಕು ವಾರದ ಮೇಲೆ ಆ ಹಾಳೆ ಕೈಗೆ ಬಂದಾಗ ಎರಡೆರಡು ಸಲ ಓದಿದೆ. ಸೋಮವಾರದಿಂದ ಶುಕ್ರವಾರ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ, ಯಾರೂ ಮುಟ್ಟದಿದ್ದರೂ, ಸಲೀಸಾಗಿ ಏಳುತ್ತಿತ್ತು.

ಆಂಟಿ ನನ್ನ ಮುಖವನ್ನೇ ನೋಡುತ್ತಿದ್ದರು. "ನಂಗೆ ಎರಡನೇ ವಾರವೇ ಗೊತ್ತಾಯ್ತು," ಎಂದರು. "ಹೇಳಿದ್ರೆ ಹುಚ್ಚು ಅಂತೀಯ ಅಂತ ಸುಮ್ನಿದ್ದೆ. ಈಗ ಶುಕ್ರವಾರ ಯಾವಾಗ ಬರುತ್ತೋ ಅಂತ ಕಾಯ್ತೀನಿ ಕಣಪ್ಪ."

ಇದಕ್ಕೊಂದು ಗತಿ ಕಾಣಿಸಲೇಬೇಕೆಂದು ಮುಂದಿನ ಶುಕ್ರವಾರ ಐದು ಗಂಟೆಗೆ ಹೋಗಿ ಕೂತೆ. ಯಂತ್ರ ಏಳಲಿಲ್ಲ. ಆ ಫೈಲಿಲ್ಲದೆಯೂ ತೆರೆಯುವ ಸೆಟಪ್ ಪುಟದಲ್ಲಿ ಅದರ ಗಡಿಯಾರವನ್ನು ಗೋಡೆ ಗಡಿಯಾರಕ್ಕೆ ಸರಿಹೊಂದಿಸಿ, ಪ್ಲಗ್ ಕಿತ್ತು, ವೈರನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಹೊರಗೆ ಹಿಮ ಬೀಳುತ್ತಿತ್ತು. ಏಳಕ್ಕೆ ಆಂಟಿ ಎದ್ದು, ಅಂಕಲ್ ಕಾರು ಬರುವ ಹೊತ್ತಿಗೆ ಹಾಕುತ್ತಿದ್ದಂತೆ, ಗರಾಜಿನ ದೀಪ ಹಾಕಿ ಬಂದರು. ಏನೂ ಸದ್ದಾಗಲಿಲ್ಲ, ಬಾಗಿಲೂ ಅಲುಗಲಿಲ್ಲ. ಏಳೂ ಹತ್ತಕ್ಕೆ ಪ್ಲಗ್ ಹಾಕಿ ಗುಂಡಿ ಒತ್ತಿದೆ. ಯಂತ್ರ ಎದ್ದಿತು.

ಆ ಫೈಲು ಹುಟ್ಟಿದ ವೇಳೆ ನೋಡಿದೆ. ಅದೇ ದಿನ, ಎಂಟು ಗಂಟೆ ನಾಲ್ಕು ನಿಮಿಷ. ಗೋಡೆಯಲ್ಲಿ ಏಳೂ ಹದಿಮೂರು, ಕಂಪ್ಯೂಟರಿನಲ್ಲೂ ಏಳೂ ಹದಿಮೂರು. ಇನ್ನೂ ಬಾರದ ವೇಳೆಯಲ್ಲಿ, ಕರೆಂಟೇ ಇಲ್ಲದ ಯಂತ್ರದೊಳಗೆ ಅದು ಬಂದು ಕೂತಿತ್ತು.

ಆಂಟಿ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು. "ಡಿಯರ್‌ಬಾರ್ನ್ ಟೈಮು," ಎಂದರು ಮೆಲ್ಲಗೆ. "ಅಲ್ಲಿ ಒಂದು ಗಂಟೆ ಮುಂದೆ ಅಲ್ವಾ? ಇವರು ಮನೆಗೆ ಬಂದ್ರೂ ವಾಚ್ ಬದಲಾಯಿಸ್ತಾನೇ ಇರ್ಲಿಲ್ಲ. ಎರಡು ದಿನಕ್ಕೆ ಯಾಕೆ ತಿರುಗಿಸ್ಬೇಕು ಅಂತಿದ್ರು." ಅವರ ಮುಖದಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ. ಹೆದರಿದ್ದು ನಾನು. ಬೆನ್ನ ಹಿಂದೆ ಯಾರೋ ಕೋಟು ಬಿಚ್ಚುತ್ತಿದ್ದಾರೆ ಅನ್ನಿಸಿ ತಿರುಗಿ ನೋಡುವ ಧೈರ್ಯವೂ ಆಗಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಆ ಮನೆಗೆ ಇನ್ನೊಂದು ಶುಕ್ರವಾರ ಹೋಗುವುದು ನನ್ನ ಕೈಲಾಗದ ಮಾತಾಗಿತ್ತು. ಡಿಸ್ಕ್ ಸಾಯುತ್ತಿದೆ, ಬದಲಾಯಿಸದಿದ್ದರೆ ಫೋಟೋಗಳೆಲ್ಲ ಹೋಗುತ್ತವೆ ಎಂದು ಕಾಗೆ ಹಾರಿಸಿದೆ. ಆಂಟಿ ಮನಸ್ಸಿಲ್ಲದೆ ಒಪ್ಪಿದರು. ಹೊಸ ಡಿಸ್ಕ್ ಹಾಕಿದೆ. ಯಂತ್ರ ಪ್ರತಿದಿನವೂ ಎದ್ದಿತು.

ಮುಂದಿನ ಶುಕ್ರವಾರ ಸಂಜೆ ಅವರ ಫೋನು ಬಂತು. "ಸೋಮವಾರ ಸ್ಟಾರ್ಟ್ ಆಯ್ತು, ಬುಧವಾರ ಆಯ್ತು, ಈಗಲೂ ಆಯ್ತು," ಎಂದರು. ಅಳುತ್ತಿದ್ದರು. "ಯಾವಾಗ್ಲೂ ಆಗುತ್ತೆ ಕಣಪ್ಪ. ಇನ್ನು ಇವರು ಬಂದಿದ್ದು ನಂಗೆ ಹೇಗೆ ಗೊತ್ತಾಗ್ಬೇಕು?"

ಮರುದಿನವೇ ಹೋಗಿ ಹಳೆಯ ಡಿಸ್ಕನ್ನು ಅದೇ ಜಾಗದಲ್ಲಿ ಅದೇ ಸ್ಕ್ರೂ ಹಾಕಿ ಕೂರಿಸಿದೆ. ಮೂರು ಶುಕ್ರವಾರ ಹೆದರಿಕೊಂಡೇ ಅವರ ಜೊತೆ ಕಾದೆ. ಏಳಾಯಿತು, ಎಂಟಾಯಿತು, ಫೈಲು ಬರಲಿಲ್ಲ. ಡಿಸ್ಕೇ ಕೆಟ್ಟಿತ್ತು ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಕೆಟ್ಟ ಡಿಸ್ಕಿಗೆ ವಾರ ಗೊತ್ತಾಗುವುದು ಹೇಗೆ, ಡಿಯರ್‌ಬಾರ್ನ್ ಟೈಮು ಗೊತ್ತಾಗುವುದು ಹೇಗೆ? ಮೂರನೆಯ ಶುಕ್ರವಾರ ಎಂಟೂವರೆಗೆ ಆಂಟಿ ಎದ್ದು ಗರಾಜಿನ ದೀಪ ಆರಿಸಿದರು.