‘ಬನ್ನಿ’ ಎಂಬಲ್ಲಿಗೆ ತುಂಡಾದ ಮೆಸೇಜು

ಕೋವಿಡ್ ಕಳೆದು, ಆಸ್ಪತ್ರೆಯ ಕಾರಿಡಾರುಗಳಲ್ಲಿ ಮಾಸ್ಕಿಲ್ಲದ ಮುಖಗಳು ಮತ್ತೆ ಕಾಣತೊಡಗಿದ್ದ ವರ್ಷ ಅದು. ಗೋವಾದ ಮಡಗಾಂವಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಕಂಪ್ಯೂಟರ್ ವಿಭಾಗದ ಇನ್‌ಚಾರ್ಜ್ ಆಗಿದ್ದೆ. ವಿಭಾಗ ಎಂಬುದು ದೊಡ್ಡ ಮಾತು. ಮೆಟ್ಟಿಲ ಕೆಳಗಿನ ಒಂದು ಕೋಣೆ, ಒಂದು ಸರ್ವರ್, ನಾನು. ಇಲ್ಲಿಯ ಮಳೆಗಾಲದಲ್ಲಿ ಚಪ್ಪಲಿಗೆ ಹಿಡಿದಂತೆ ಕೀಬೋರ್ಡಿಗೂ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಬಿಡಿಭಾಗಗಳ ಕಪಾಟಿನೊಳಗೆ ಜೂನ್‌ನಿಂದ ಸಪ್ಟೆಂಬರ್‌ವರೆಗೆ ಒಂದು ಬಲ್ಬು ಉರಿಸಿಡುತ್ತಿದ್ದೆ. ಧಾರವಾಡದಿಂದ ಮದುವೆಯಾಗಿ ಬಂದವಳು ನಾನು. ಇಷ್ಟು ವರ್ಷಗಳಲ್ಲಿ ಕೊಂಕಣಿ ನಾಲಗೆಗೆ ಹತ್ತಿದೆ, ಊಟದ ಡಬ್ಬಿ ಮಾತ್ರ ಇನ್ನೂ ಧಾರವಾಡದ್ದೇ.

ಮೊದಲೆಲ್ಲ ಮರುದಿನ ಆಪರೇಶನ್ ಇರುವ ರೋಗಿಗಳಿಗೆ ಆಪರೇಶನ್ ಥಿಯೇಟರಿನ ಫಿಲೋಮೆನಾ ಸಿಸ್ಟರ್ ತಾವೇ ಫೋನ್ ಮಾಡಿ ಹೇಳುತ್ತಿದ್ದರು: ಇಷ್ಟು ಗಂಟೆಗೆ ಬನ್ನಿ, ರಾತ್ರಿಯಿಂದ ಏನೂ ತಿನ್ನಬೇಡಿ, ಕುಡಿಯಬೇಡಿ. ಹೊಟ್ಟೆಯಲ್ಲಿ ಆಹಾರವಿದ್ದು ಅರಿವಳಿಕೆ ಕೊಟ್ಟರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಜೀವಕ್ಕೇ ಅಪಾಯ. ಆ ವರ್ಷ ಆಡಳಿತದವರು ಫೋನ್ ನಿಲ್ಲಿಸಿ ಎಸ್ಸೆಮ್ಮೆಸ್ ವ್ಯವಸ್ಥೆ ತಂದರು. ಹೊರಗಿನ ಒಂದು ಕಂಪನಿ ಪಿಎಚ್‌ಪಿ ಎಂಬ ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಅದನ್ನು ಬರೆದುಕೊಟ್ಟಿತು. ಮೆಸೇಜು ಮೂರು ಭಾಷೆಗಳಲ್ಲಿ: ಇಂಗ್ಲಿಷ್, ಜೊತೆಗೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದ ಕೊಂಕಣಿ, ಹಿಂದಿ. ಕನ್ನಡವೂ ಇರಲಿ, ನಮ್ಮ ರೋಗಿಗಳಲ್ಲಿ ಬಿಜಾಪುರ, ಬಾಗಲಕೋಟೆ ಕಡೆಯವರು ಬಹಳ, ಅವರಲ್ಲಿ ನಾಲ್ಕನೆಯ ಐದನೆಯ ಇಯತ್ತೆ ಓದಿದವರಿಗೆ ಬರುವ ಲಿಪಿ ಅದೊಂದೇ ಎಂದು ಕೇಳಿದವಳು ನಾನು. ಒಪ್ಪಿದರು. ಕನ್ನಡದ ಮಾತುಗಳನ್ನು ನಾನೇ ಕೂತು ಬರೆದೆ. ಮೊದಲ ಅರ್ಧದಲ್ಲಿ ದಿನ, ವೇಳೆ, ಯಾವ ಮಹಡಿ. ಉಳಿದರ್ಧದಲ್ಲಿ ಉಪವಾಸದ ಸೂಚನೆ. ಇಂಗ್ಲಿಷಿನಲ್ಲಿ ಹೇಗಿತ್ತೋ ಹಾಗೆಯೇ.

ಕೆಲವು ವಾರ ಕಳೆದ ಮೇಲೆ ಕ್ಯಾಂಟೀನಿನಲ್ಲಿ ಫಿಲೋಮೆನಾ ಸಿಸ್ಟರ್ ಪೋಯಿ ಬ್ರೆಡ್ಡು ಮುರಿಯುತ್ತ ನನ್ನನ್ನು ಚುಚ್ಚಿದರು. “ತುಮ್ಚೆ ಲೋಕ್ ಆಯ್ಕನಾತ್ ಗೊ.” ನಿಮ್ಮ ಜನ ಹೇಳಿದ್ದು ಕೇಳುವುದಿಲ್ಲ ಎಂದು. ತಿಂದು ಬಂದು ಆಪರೇಶನ್ ಟೇಬಲ್ಲಿನಿಂದ ವಾಪಸಾಗುವವರು ಯಾವಾಗಲೂ ಅವರೇ ಅಂತೆ. ಪಕ್ಕದ ಟೇಬಲ್ಲಿನಿಂದ ಯಾರೋ “ಘಾಟಿ” ಅಂದರು. ಘಟ್ಟದ ಆಚೆಯಿಂದ ಬಂದ ಕೂಲಿಯವರನ್ನು ಇಲ್ಲಿ ಬೀದಿಯಲ್ಲಿ ಕರೆಯುವ ಹೆಸರು ಅದು. ನಕ್ಕರು. ನನ್ನ ಕಡೆ ನೋಡಿ, “ನಿಮಗಲ್ಲ ಮೇಡಂ” ಅಂತಲೂ ಅಂದರು. ನಾನು ಡಬ್ಬಿ ಮುಚ್ಚಿಕೊಂಡು ಎದ್ದೆ.

ಹಾಗೆ ತಿಂದು ಬಂದವರಲ್ಲಿ ಒಬ್ಬನಾದ ರಾಜಾಸಾಬನನ್ನು ನಾನು ನೋಡಿದ್ದು ಒಂದು ಮುಂಜಾನೆ. ಥಿಯೇಟರ್ ಮುಂದಿನ ಪ್ರಿಂಟರ್ ಕಾಗದ ಕಚ್ಚಿಕೊಂಡಿದೆ ಎಂದು ಕರೆದಿದ್ದರು. ಹಸಿರು ಗೌನು ತೊಟ್ಟ, ಹೆಗಲು ಅಗಲವಾದ ನಡುವಯಸ್ಸಿನ ಮನುಷ್ಯ ಬೆಂಚಿನ ಮೇಲೆ ಕೂತಿದ್ದ. ಸಿಸ್ಟರ್ ಹಿಂದಿಯಲ್ಲಿ ಬೈಯುತ್ತಿದ್ದರು. ಆತ ತಲೆಯಾಡಿಸುತ್ತಿದ್ದ. ನಾನು ಕನ್ನಡದಲ್ಲಿ ಕೇಳಿದೆ.

“ಮುಂಜಾನೆ ಏನರ ತಿಂದೀರೇನ್ರಿ?”

ಮುಖ ಅರಳಿತು. “ಅಯ್ಯ, ನಮ್ಮ ಕಡಿಯವ್ರೇನ್ರಿ ಬಾಯಾರ? ತಿಂದೇನ್ರಿ. ಎರಡು ರೊಟ್ಟಿ, ಶೇಂಗಾ ಚಟ್ನಿ. ನಮ್ಮನಿಯಾಕಿ ರೊಟ್ಟಿ ಬಡಿದ್ಲು ಅಂದ್ರ ಮುಗೀತು, ಆಪರೇಶನ್ನಿಗೆ ಅಲ್ಲ, ಅಜ್ಮೇರಕ್ಕ ಹೊಂಟ್ರೂ ತಿಂದ ಹೋಗಬೇಕು.”

“ತಿನಬ್ಯಾಡ್ರಿ ಅಂತ ಮೆಸೇಜ್ ಬಂದಿತ್ತಲ್ರಿ?”

“ಮೆಸೇಜ್ ಬಂದಿತ್ರಿ, ಓದೇನಿ. ಏಳಕ್ಕ ಬರ್ರಿ ಅಂತಿತ್ತು. ಬಂದೇನಿ.”

ಫೋನು ಹೆಂಡತಿಯ ಕೈಯಲ್ಲಿತ್ತು, ಆಕೆ ಹಾಸಿಗೆ ಬಟ್ಟೆ ತರಲು ಮನೆಗೆ ಹೋಗಿದ್ದಳು. ಸಿಸ್ಟರ್ ಕಂಪ್ಯೂಟರಿನ ಪರದೆ ತಿರುಗಿಸಿ ನನಗೆ ತೋರಿಸಿದರು. ಕಳಿಸಿದ ಮೆಸೇಜು ಅಲ್ಲಿ ಪೂರ್ತಿ ಇತ್ತು, ನಾನು ಬರೆದ ಒಂದೊಂದು ಮಾತೂ. ಕೆಳಗೆ ಹಸಿರು ಬಣ್ಣದಲ್ಲಿ ‘ಸೆಂಟ್’, ಕಳಿಸಲಾಗಿದೆ ಎಂದು. ಸಿಸ್ಟರ್ ಫೈಲಿನಲ್ಲಿ ಬರೆದರು: ರೋಗಿ ಸೂಚನೆ ಪಾಲಿಸಲಿಲ್ಲ, ಆಪರೇಶನ್ ರದ್ದು. ಸರ್ಜನ್ ಹೊರಊರಿನಿಂದ ಬರುವವರು. ಮುಂದಿನ ದಿನಾಂಕ ಕೆಲವು ವಾರಗಳ ಆಚೆಗೆ ಹೋಯಿತು.

ಆತ ಮುರ್ಮುಗಾಂವ್ ಬಂದರಿನಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಹಮಾಲಿ ಮಾಡುತ್ತಿದ್ದ. ಭಾರ ಎತ್ತಿ ಎತ್ತಿ ಹರ್ನಿಯಾ ಆಗಿತ್ತು, ಅಂದರೆ ತೊಡೆಸಂದಿನ ಹತ್ತಿರ ಕರುಳು ಹೊರಗೆ ಉಬ್ಬಿ ಬರುತ್ತಿತ್ತು. ಗಣೇಶ ಚವತಿಯೊಳಗೆ ‘ಕೆಲಸಕ್ಕೆ ಯೋಗ್ಯ’ ಎಂದು ಡಾಕ್ಟರ ಚೀಟಿ ತಂದರೆ ಮಾತ್ರ ನಿನ್ನ ಜಾಗ ನಿನಗೆ ಎಂದು ಹಮಾಲರ ಮೇಲಿನ ಮುಕಾದಮ ಹೇಳಿದ್ದನಂತೆ. ಬಾಡಿದ ಮುಖದಲ್ಲೇ ನಗುತ್ತ ಹೋದ. “ಮುಂದಿನ ಸಲ ನೀರ ಸೈತ ಮುಟ್ಟೂದಿಲ್ರಿ, ರೋಜಾ ಹಿಡಿದಾವ ನಾನು.”

ಮುಂದಿನ ಸಲ ಆತ ಬರಲಿಲ್ಲ.

ಬಂದವಳು ಆತನ ಹೆಂಡತಿ ಮಾಬೂಬಿ. ಚವತಿಯ ರಜೆ ಮುಗಿದಿತ್ತು. ನನ್ನ ಕೋಣೆಯ ಬಾಗಿಲಲ್ಲಿ ಛತ್ರಿ ಒರಗಿಸಿ, “ಕನ್ನಡ ಬಾಯಾರು ನೀವೇನ್ರಿ?” ಅಂದಳು. ಹೌದು, ಬರ್ರಿ ಅಂದೆ. ಕೂಡ್ರಿ ಅಂದರೂ ಕೂರಲಿಲ್ಲ. ದಿನಾಂಕಕ್ಕೆ ಕಾಯುತ್ತ ಮನೆಯಲ್ಲಿ ಕೂತಿರಲು ಆಗದೆ ರಾಜಾಸಾಬ ಮತ್ತೆ ಚೀಲಕ್ಕೆ ಹೆಗಲು ಕೊಟ್ಟಿದ್ದ. ಒಂದು ಮಧ್ಯಾಹ್ನ ಕರುಳು ಹೊರಬಂದದ್ದು ಒಳಗೆ ಹೋಗಲಿಲ್ಲ. ಸಿಕ್ಕಿಕೊಂಡು ಕಪ್ಪಾಯಿತು. ಸರಕಾರಿ ಆಸ್ಪತ್ರೆಗೆ ಒಯ್ದು ತುರ್ತು ಆಪರೇಶನ್ ಮಾಡಿ, ಕರುಳಿನ ತುಂಡೊಂದನ್ನು ಕತ್ತರಿಸಿ ತೆಗೆದರು. ಜೀವ ಉಳಿಯಿತು. ಇನ್ನು ಜನ್ಮದಲ್ಲಿ ಭಾರ ಎತ್ತಬಾರದು ಎಂದರು.

“ಗೇಟಿನ್ಯಾಗ ಲಾರಿ ನೋಡೂ ಕೆಲಸ ಐತ್ರಿ,” ಅಂದಳು. “ಕೆಲಸದಾಗ ಪೆಟ್ಟಾದವ್ರಿಗೆ ಕೊಡ್ತಾರ. ಆದ್ರ ಕಂತ್ರಾಟದಾರ ನಿಮ್ಮ ದವಾಖಾನಿ ಕಾಗದ ಓದ್ಯಾನ. ‘ಡಾಕ್ಟರ್ ಮಾತ ಕೇಳದ ತಾನಾ ಆಪರೇಶನ್ ಕೆಡಿಸಿಕೊಂಡಾನ, ನಮ್ಮ ಮ್ಯಾಲೆ ಯಾಕ?’ ಅಂತಾನ. ತಪ್ಪ ಇವರದಲ್ಲ ಅಂತ ನಿಮ್ಮವ್ರು ಬರದ ಕೊಡ್ರಿ ಬಾಯಾರ. ಅಷ್ಟ ಆದ್ರ ಗೇಟಿನ್ಯಾಗ ಕುಂದರಸ್ತಾರ.”

“ಪೂರ್ತಿ ಮೆಸೇಜ್ ಕಳಿಸಿದ್ದನ್ನ ನಾನಾ ನೋಡೇನಿ ತಾಯಿ…”

ಆಕೆ ಸೆರಗಿನೊಳಗಿಂದ ಫೋನು ತೆಗೆದು ನನ್ನ ಮುಂದೆ ಹಿಡಿದಳು. ಗಾಜು ಒಡೆದಿತ್ತು, ಅಕ್ಷರಗಳು ಸ್ಪಷ್ಟವಿದ್ದವು. ‘ರಾಜಾಸಾಬ ಅವರೆ, ನಿಮ್ಮ ಶಸ್ತ್ರಚಿಕಿತ್ಸೆ ನಾಳೆ ನಿಗದಿಯಾಗಿದೆ. ಬೆಳಿಗ್ಗೆ 7 ಗಂಟೆಗೆ ಹಳೆಯ ರಿಪೋರ್ಟುಗಳೊಂದಿಗೆ ಎರಡನೇ ಮಹಡಿಗೆ’ ಎಂದು ಓದಿಕೊಂಡು ಹೋದರೆ ಕೊನೆಯ ಮಾತು ‘ಬನ್ನ’. ಅದರ ಮಗ್ಗುಲಿಗೆ ವಜ್ರದಾಕಾರದ ಒಂದು ಕರಿ ಗುರುತು, ಒಳಗೊಂದು ಪ್ರಶ್ನಾರ್ಥಕ ಚಿಹ್ನೆ. ಮುಂದೆ ಏನೂ ಇರಲಿಲ್ಲ. ಉಪವಾಸದ ಸೂಚನೆಯ ಒಂದಕ್ಷರವೂ ಇರಲಿಲ್ಲ.

“ಈ ಕರೀ ಗುರ್ತು?” ಅಂದೆ.

“ಅದು ದವಾಖಾನಿ ಶಿಕ್ಕಾ ಅಲ್ಲೇನ್ರಿ? ಶಿಕ್ಕಾ ಬಿದ್ದೈತಿ ಅಂದ್ರ ಅಲ್ಲಿಗೆ ಮಾತು ಮುಗೀತು ಅಂತ ತಿಳದಿವಿ.”

ಅದನ್ನು ಆಕೆ ಆಸ್ಪತ್ರೆಯ ಮೊಹರು ಎಂದು ತಿಳಿದಿದ್ದಳು. ಆಕೆಯನ್ನು ಕೂರಿಸಿ, ಮೆಸೇಜು ಕಳಿಸುವ ಸ್ಕ್ರಿಪ್ಟು ತೆರೆದೆ. ಸಾಮಾನ್ಯ ಓದುಗರಿಗಾಗಿ ಇಲ್ಲಿ ಎರಡು ಮಾತು ಬಿಡಿಸಿ ಹೇಳಬೇಕು. ಪ್ರೋಗ್ರಾಮಿನಲ್ಲಿ ಅಕ್ಷರಗಳ ಸಾಲಿಗೆ ಸ್ಟ್ರಿಂಗ್ ಎನ್ನುತ್ತಾರೆ. ಸ್ಟ್ರಿಂಗನ್ನು ಅಳೆಯಲು, ಕತ್ತರಿಸಲು, ಜೋಡಿಸಲು ಭಾಷೆಯೊಳಗೇ ಸಿದ್ಧವಾಗಿ ಬರುವ ಫಂಕ್ಷನ್‌ಗಳು ಇರುತ್ತವೆ. ಅಡುಗೆಮನೆಯಲ್ಲಿ ಇಳಿಗೆಮಣೆ, ಸೇರು ಇದ್ದ ಹಾಗೆ. ಪಿಎಚ್‌ಪಿಯಲ್ಲಿ strlen ಉದ್ದ ಹೇಳುತ್ತದೆ, substr ಬೇಕಾದಷ್ಟು ಕತ್ತರಿಸಿ ಕೊಡುತ್ತದೆ. ಮೆಸೇಜು ತೀರ ಉದ್ದವಾಗದಿರಲಿ ಎಂದು ಕಂಪನಿಯವರು ಕಳಿಸುವ ಮೊದಲು substr ಹಾಕಿ 300ಕ್ಕೆ ಕತ್ತರಿಸಿದ್ದರು. ಆದರೆ ಆ ಫಂಕ್ಷನ್ ಎಣಿಸುವುದು ಬೈಟುಗಳನ್ನು, ಅಂದರೆ ಯಂತ್ರದೊಳಗಿನ ಜಾಗವನ್ನು. ಇಂಗ್ಲಿಷಿನ ಒಂದಕ್ಷರ ಒಂದು ಬೈಟು. ಕನ್ನಡದಲ್ಲಿ ಮೂಲ ಅಕ್ಷರ, ಸ್ವರಚಿಹ್ನೆ, ಒತ್ತು ಕೊಡುವ ಚಿಹ್ನೆ, ಪ್ರತಿಯೊಂದಕ್ಕೂ ಮೂರು ಬೈಟು. ‘ಬನ್ನಿ’ ಎಂದು ಹಾಕಿ strlen ಓಡಿಸಿದೆ. ಹದಿನೈದು ಎಂದಿತು. ಇಂಗ್ಲಿಷಿನ ಮುನ್ನೂರು ಅಕ್ಷರ ಹಿಡಿಯುವ ಜಾಗದಲ್ಲಿ ಕನ್ನಡದ್ದು ಸುಮಾರು ನೂರಕ್ಕೇ ನಿಲ್ಲುತ್ತಿತ್ತು. ಕತ್ತರಿ ಅಕ್ಷರದ ನಡುವೆಯೇ ಬಿದ್ದರೆ ಉಳಿದ ಚೂರನ್ನು ಫೋನು ಓದಲಾರದೆ ಆ ಕರಿ ಗುರುತು ತೋರಿಸುತ್ತದೆ. ಪರದೆಯ ಮೇಲೆ ನಾವು ನೋಡುತ್ತಿದ್ದದ್ದು ಕತ್ತರಿಸುವ ಮೊದಲಿನ ಪ್ರತಿ.

ಇದಕ್ಕೆ ಮದ್ದು ಆ ಭಾಷೆಯಲ್ಲೇ ಸಿದ್ಧವಿದೆ. substr ಇದ್ದಲ್ಲಿ mb_substr ಎಂದು ಬರೆದರಾಯಿತು, ಅದು ಬೈಟು ಬಿಟ್ಟು ಅಕ್ಷರಗಳನ್ನೇ ಎಣಿಸುತ್ತದೆ. ಬರೆದು ನೋಡಿದೆ. ಮಾಬೂಬಿಯ ಫೋನಿಗೇ ಪರೀಕ್ಷೆಗೆಂದು ಕಳಿಸಿದೆ. ಟಿಣ್ ಅಂದಿತು. ಆಕೆ ಮೆಲ್ಲಗೆ ಅಕ್ಷರ ಕೂಡಿಸಿ ಕೊನೆಯವರೆಗೂ ಓದಿದಳು. ‘ರಾತ್ರಿಯಿಂದ ಏನನ್ನೂ ತಿನ್ನಬಾರದು’ ಎಂಬಲ್ಲಿಗೆ ಬಂದಾಗ ಓದು ನಿಲ್ಲಿಸಿ ಫೋನನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟಳು.

ನಾಯಕ್ ಸರ್ ನಮ್ಮ ಆಡಳಿತ ಮ್ಯಾನೇಜರ್, ಕಾರವಾರದವರು. ಕತ್ತರಿಸಿದ ಪ್ರತಿ, ಕತ್ತರಿಸದ ಪ್ರತಿ ಎರಡನ್ನೂ ಮುದ್ರಿಸಿ ಅವರ ಮುಂದಿಟ್ಟೆ. ಕನ್ನಡಕ ಏರಿಸಿ ನೋಡಿದರು.

“ಇಷ್ಟೇ ಅಲ್ವಾ ಮಾರಾಯ್ರೆ? ಒಂದು ಸಾಲು ತಿದ್ದಿದ್ರೆ ಆಯ್ತಪ್ಪ.”

“ಸಾಲು ತಿದ್ದೇನ್ರಿ ಸರ್. ಫೈಲಿನಾಗ ಬರದದ್ದನ್ನೂ ತಿದ್ದಬೇಕಲ್ರಿ. ಆ ಮನುಷ್ಯಾ ಸೂಚನಾ ಮೀರಿಲ್ಲ. ಅವಗ ಸೂಚನಾನ ಮುಟ್ಟಿಲ್ಲ.”

“ಫೈಲು ನಿಮ್ಮ ಸಾಫ್ಟ್‌ವೇರ್ ಅಲ್ಲ, ಬೇಕಾದಾಗ ತಿದ್ದಲಿಕ್ಕೆ. ಒಬ್ಬನಿಗೆ ಬರ್ಕೊಟ್ರೆ ನಾಳೆ ಎಲ್ಲ ಬಂದು ನಿಲ್ತಾರೆ.”

“ನಿಲ್ಲಲಿ ಬಿಡ್ರಿ. ಅವರೂ ಹಂಗ ವಾಪಸ್ ಹೋದವ್ರ ಅಲ್ಲೇನ್ರಿ?” ಎಂದೆ. “ನೀವೂ ಕನ್ನಡದವ್ರು ಸರ್,” ಎಂದೂ ಅಂದೆ.

“ಅದಕ್ಕೇ ಹೇಳೋದು. ಕನ್ನಡದವರೇ ತಮ್ಮವರಿಗೆ ಬರ್ಕೊಟ್ರು ಅಂತ ಆಗ್ಬಾರ್ದು.” ಕಾಗದಗಳನ್ನು ಖಾನೆಯೊಳಗೆ ಇಟ್ಟರು. ಅವು ಮತ್ತೆ ಹೊರಬರಲಿಲ್ಲ.

ಸ್ಕ್ರಿಪ್ಟು ಬರೆದ ಕಂಪನಿಗೆ ಫೋನ್ ಮಾಡಿದೆ. ಒಪ್ಪಂದದಲ್ಲಿ 300 ಎಂದಿದೆ, 300ಕ್ಕೇ ಕತ್ತರಿಸಿದ್ದೇವೆ ಎಂದು ಅಲ್ಲಿಯ ಹುಡುಗಿ ವಿನಯದಿಂದ ಹೇಳಿದಳು. ಯಾವುದರ ಮುನ್ನೂರು ಎಂದು ಕೇಳಿದೆ. ಕೇಳಿ ತಿಳಿಸುತ್ತೇನೆ ಅಂದಳು. ಆ ಫೋನು ಬರಲೇ ಇಲ್ಲ.

ನನ್ನ ಕೈಯಲ್ಲಿ ಉಳಿದದ್ದು ಒಂದೇ. ನಡೆದದ್ದನ್ನೆಲ್ಲ ಬಿಳಿ ಹಾಳೆಯಲ್ಲಿ ಬರೆದು, ನನ್ನ ಹೆಸರು, ಹುದ್ದೆ ಹಾಕಿ, ಸಹಿ ಮಾಡಿ ಮಾಬೂಬಿಗೆ ಕೊಟ್ಟೆ. ಎರಡು ದಿನ ಬಿಟ್ಟು ಆಕೆ ಅದನ್ನೇ ಹಿಂದಕ್ಕೆ ತಂದಳು. ಆಸ್ಪತ್ರೆಯ ಹೆಸರು ಅಚ್ಚಾದ ಕಾಗದವಲ್ಲ, ಶಿಕ್ಕಾ ಇಲ್ಲ, ನಡೆಯುವುದಿಲ್ಲ ಎಂದನಂತೆ ಗುತ್ತಿಗೆದಾರ.

“ಆವತ್ತ ಶಿಕ್ಕಾ ಇತ್ತು, ಮಾತ ಇರಲಿಲ್ಲ,” ಅಂದಳು. “ಇವತ್ತ ಮಾತ ಐತಿ, ಶಿಕ್ಕಾ ಇಲ್ಲ. ನಿಮ್ಮ ದವಾಖಾನಿಯಾಗ ಎರಡೂ ಒಮ್ಮೆ ಸಿಗೂದಿಲ್ಲೇನ್ರಿ?”

ಅದೇ ವಾರ ಸರ್ಕ್ಯುಲರ್ ಬಂತು. ತಾಂತ್ರಿಕ ತೊಂದರೆಯ ಕಾರಣ ಕನ್ನಡ ಮೆಸೇಜು ನಿಲ್ಲಿಸಲಾಗಿದೆ, ಇನ್ನು ಮುಂದೆ ಆ ರೋಗಿಗಳಿಗೆ ಇಂಗ್ಲಿಷ್ ಅಕ್ಷರದ ಹಿಂದಿ ಹೋಗುತ್ತದೆ. ತೊಂದರೆ ಸರಿಯಾಗಿದೆ ಎಂದು ಬರೆದು ಕಳಿಸಿದೆ. ಓದಿದ್ದೇವೆ ಎಂದು ಉತ್ತರ ಬಂತು. ಸ್ವಲ್ಪ ದಿನ ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚಿಟ್ಟುಕೊಂಡು ಕನ್ನಡದ ರೋಗಿಗಳಿಗೆ ನಾನೇ ಫೋನ್ ಮಾಡುತ್ತಿದ್ದೆ. ಅದೂ ಗೊತ್ತಾಗಿ, ರೋಗಿಗಳ ನಂಬರು ಗೋಪ್ಯ ಮಾಹಿತಿ ಎಂದು ನನ್ನ ಲಾಗಿನ್‌ನಿಂದ ಆ ಪುಟವನ್ನೇ ತೆಗೆಸಿದರು. ತೆಗೆಯುವ ಕೆಲಸ ಬಂದದ್ದು ಕಂಪ್ಯೂಟರ್ ವಿಭಾಗಕ್ಕೆ. ನನ್ನ ಕೈಯಿಂದಲೇ ತೆಗೆದೆ.

ನಾನು ಇನ್ನೂ ಅದೇ ಕೋಣೆಯಲ್ಲಿದ್ದೇನೆ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ‘ಸೆಂಟ್’ ಎಂಬ ಹಸಿರು ಮಾತು ಕಳಿಸಿದವರ ಸಮಾಧಾನಕ್ಕೆ ಇರುವಂಥದ್ದು. ಮುಟ್ಟಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಮುಟ್ಟಬೇಕಾದವರ ಫೋನನ್ನೇ ಕೈಯಲ್ಲಿ ಹಿಡಿದು ನೋಡಬೇಕು. ಈಗ ಯಾವ ಹೊಸ ವ್ಯವಸ್ಥೆ ಬಂದರೂ ನಾನು ಹಾಗೆಯೇ ನೋಡುತ್ತೇನೆ. ನೋಡಿ ಹೇಳಿದ್ದನ್ನು ಕೇಳಿಸಿಕೊಳ್ಳುವ ಫಂಕ್ಷನ್ ಮಾತ್ರ ಯಾವ ಭಾಷೆಯಲ್ಲೂ ಸಿದ್ಧವಾಗಿ ಬರುವುದಿಲ್ಲ.

ಮೊನ್ನೆ ಸಂತೆಗೆ ಹೋದಾಗ ಮಾರ್ಕೆಟ್ಟಿನ ಹೊರಗೆ ರಾಜಾಸಾಬ ಸಿಕ್ಕ. ಗೋಣಿತಾಟಿನ ಮೇಲೆ ಲಿಂಬೆಹಣ್ಣು, ಹಸಿಮೆಣಸಿನಕಾಯಿ ಗುಂಪು ಹಾಕಿಕೊಂಡು ಕೂತಿದ್ದ. ಹೆಗಲು ಇಳಿದಿತ್ತು. ಲಿಂಬೆಹಣ್ಣಿನ ಚೀಲವನ್ನು ಪಕ್ಕದವನೇ ಎತ್ತಿ ಕೊಡಬೇಕು. ಮಾಬೂಬಿಗೆ ಪಿತ್ತಕೋಶದ ಕಲ್ಲಂತೆ, ಮರುದಿನವೇ ನಮ್ಮಲ್ಲಿ ಆಪರೇಶನ್. ಅದೇ ಒಡೆದ ಗಾಜಿನ ಫೋನು ತೆಗೆದು ತೋರಿಸಿದ.

“ಈಗ ಮೆಸೇಜ್ ಪೂರ್ತಿ ಬರತೈತ್ರಿ ಬಾಯಾರ. ಕರೀ ಶಿಕ್ಕಾ ಇಲ್ಲ, ಏನಿಲ್ಲ.”

“ಓದಿದ್ರೇನು?”

“ಇಂಗ್ಲಿಷ್ ಅಕ್ಷರ ನಮ್ಮ ಮನ್ಯಾಗ ಯಾರಿಗೆ ಬರತಾವ್ರಿ?” ನಕ್ಕ.

ಅಲ್ಲೇ ಕುಕ್ಕರುಗಾಲಲ್ಲಿ ಕೂತು ಓದಿ ಹೇಳಿದೆ. ಎಷ್ಟು ಗಂಟೆಗೆ, ಯಾವ ಮಹಡಿಗೆ, ರಾತ್ರಿಯಿಂದ ಏನೂ ತಿನ್ನಬಾರದು, ಕುಡಿಯಬಾರದು. ಆತ ಮೆಣಸಿನಕಾಯಿಯ ಗುಂಪು ಸರಿಮಾಡುತ್ತ ಕೇಳಿಸಿಕೊಂಡ. ಫೋನು ವಾಪಸ್ ಪಡೆದು ಕಿಸೆಗೆ ಇಳಿಸಿದ.

“ಆವತ್ತೂ ಇಷ್ಟ ಇತ್ತೇನ್ರಿ?” ಅಂದ.

ಇಷ್ಟೇ ಇತ್ತು ಎಂದೆ.